ನಾಲ್ಕನೇ ಮಿಷನ್‌ಗೆ ಯಾರು ಕೂರಬೇಕು

ನನ್ನನ್ನು ಶಾಪಿನ ಇನ್‌ಚಾರ್ಜ್ ಮಾಡಿದ್ದು ಒಂದು ಸೋಮವಾರ ಬೆಳಗ್ಗೆ, ಇನ್ನೂ ಟೀ ಬಂದಿರಲಿಲ್ಲ. ಮಾಲೀಕರು ಬಸವೇಶ್ವರನಗರದ ಮನೆಯಿಂದ ಎಂದಿಗಿಂತ ಬೇಗ ಬಂದಿದ್ದರು. ಎಲ್ಲರನ್ನೂ ಕರೆದು ನಿಲ್ಲಿಸಿ, "ಇವತ್ತಿಂದ ಯಾರು ಯಾವ ಮಿಷನ್‌ಗೆ ಕೂರಬೇಕು ಅಂತ ಇವರೇ ಹೇಳ್ತಾರೆ" ಎಂದು ನನ್ನ ಕಡೆ ಕೈ ತೋರಿಸಿದರು. ಆಮೇಲೆ ಫೋನ್ ಕಿವಿಗಿಟ್ಟುಕೊಂಡು ತಮ್ಮ ರೂಮಿಗೆ ಹೋದರು. ನನ್ನ ಮುಖ ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಕಿಟಕಿ ಪಕ್ಕದ ಒಂದನೇ ಮಿಷನ್ ಮುಂದೆ ನಿಂತಿದ್ದ, ಎಲ್ಲರೂ ಅಕ್ಕ ಎಂದು ಕರೆಯುವ ಹಿರಿಯರ ಮೇಲಿತ್ತು.

ಲಗ್ಗೆರೆಯ ಅಡ್ಡರಸ್ತೆಯೊಂದರಲ್ಲಿ ಶೀಟ್ ಹೊದಿಸಿದ ಶೆಡ್ಡು ನಮ್ಮದು. ಒಳಗೆ ಸಾಲಾಗಿ ಆರು ಪವರ್ ಪ್ರೆಸ್‌ಗಳು. ತಗಡಿನ ಪಟ್ಟಿಯಿಂದ ವಾಷರ್, ಕ್ಲಿಪ್ಪು, ಬ್ರ್ಯಾಕೆಟ್ಟು ಹೊಡೆದು ಪೀಣ್ಯದ ದೊಡ್ಡ ಕಾರ್ಖಾನೆಗಳಿಗೆ ಕಳಿಸುವುದು ಕೆಲಸ. ಪ್ರೆಸ್ ಓಡಿಸುವವರೆಲ್ಲ ಹೆಂಗಸರೇ. ಕೈಯಲ್ಲಿ ತಗಡಿನ ತುಂಡನ್ನು ಅಚ್ಚಿನೊಳಗೆ ಇಡಬೇಕು, ಕೈ ಹೊರಗೆ ತೆಗೆದು ಕಾಲಲ್ಲಿ ಪೆಡಲ್ ಒತ್ತಬೇಕು. ಮೇಲಿನ ಭಾರ ಒಂದು ಸಲ ಇಳಿದು, ಹೊಡೆದು, ಮೇಲೇರಿ ನಿಲ್ಲುತ್ತದೆ. ಮತ್ತೆ ಕೈ ಹಾಕಿ ಪೀಸ್ ತೆಗೆಯಬೇಕು. ಒಂದು ಸಲ ಒತ್ತಿದರೆ ಒಂದೇ ಏಟು. ನಮ್ಮ ಕೈಗಳೆಲ್ಲ ಆ ಒಂದು ನಂಬಿಕೆಯ ಮೇಲೆ ಒಳಗೆ ಹೋಗಿ ಹೊರಗೆ ಬರುತ್ತಿದ್ದವು.

ಈ ಕೆಲಸವನ್ನು ನನಗೆ ಕಲಿಸಿದ್ದು ಅಕ್ಕನೇ. ನಾನು ಸೇರುವ ಹೊತ್ತಿಗೆ ಅವರು ಅಲ್ಲಿ ಎಂಟು ವರ್ಷ ಕಳೆದಿದ್ದರು. ಕೆಂಗೇರಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರೂ ಶೆಡ್ಡಿನ ಬಾಗಿಲು ತೆರೆಯುವ ಹೊತ್ತಿಗೆ ಹೊರಗೆ ನಿಂತಿರುತ್ತಿದ್ದರು. ಮೊದಲ ದಿನ ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, "ಕೈ ಒಳಗಿದ್ರೆ ಕಾಲು ನೆಲದ ಮೇಲೆ. ಕಾಲು ಪೆಡಲ್ ಮೇಲಿದ್ರೆ ಕೈ ಮಡಿಲಲ್ಲಿ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಇದನ್ನೇ ಹೇಳ್ಬೇಕು ನೀನು" ಅಂದಿದ್ದರು. ಮೂರನೇ ಮಿಷನ್ ಓಡುತ್ತಿರುವಾಗ ಒಂದನೇದರ ಮುಂದೆ ಕೂತೇ, "ಅದಕ್ಕೆ ಎಣ್ಣೆ ಬಿಡ್ರೇ, ಒಣಗಿದೆ" ಎನ್ನುತ್ತಿದ್ದರು. ಹೋಗಿ ನೋಡಿದರೆ ನಿಜವಾಗಿಯೂ ಒಣಗಿರುತ್ತಿತ್ತು.

ಹಾಗಾದರೆ ಅವರನ್ನೇಕೆ ಇನ್‌ಚಾರ್ಜ್ ಮಾಡಲಿಲ್ಲ? ಅವರು ಓದಿದ್ದು ಐದನೇ ಕ್ಲಾಸು. ನಾನು ಪಿಯುಸಿ. ಹಳೆಯ ಸೂಪರ್‌ವೈಸರ್ ಕೆಲಸ ಬಿಟ್ಟುಹೋದ ಮೇಲೆ ದೊಡ್ಡ ಕಾರ್ಖಾನೆಯವರು ಕೇಳುವ ರಿಪೋರ್ಟುಗಳನ್ನು ಇಂಗ್ಲಿಷಿನಲ್ಲಿ ತುಂಬಿ ಮೊಬೈಲಿನಲ್ಲಿ ಕಳಿಸುತ್ತಿದ್ದವಳು ನಾನು. ಅಷ್ಟೇ ಕಾರಣ. ಹೋಗಿ ಮಾಲೀಕರಿಗೆ, "ಸಾರ್, ಅಕ್ಕ ಇರಲಿ, ಬರೆಯೋದು ನಾನು ಬರ್ಕೊಡ್ತೀನಿ" ಎನ್ನಬಹುದಿತ್ತು. ಆ ಮಾತು ಹೊಳೆಯಲಿಲ್ಲವೆಂದರೆ ಸುಳ್ಳಾಗುತ್ತದೆ. ಹೊಳೆದಿತ್ತು.

ಆ ದಿನ ಅಕ್ಕ ನನ್ನ ಹತ್ತಿರ ಬಂದು, "ಒಳ್ಳೇದಾಯ್ತು ಕಣೇ" ಎಂದು ಭುಜ ತಟ್ಟಿದರು. ಮಾರನೆಯ ದಿನ ಬೆಳಗ್ಗೆ ನಾನು, "ಅಕ್ಕ, ತಿಂಡಿ ಆಯ್ತಾ?" ಅಂದರೆ, "ಆಯ್ತು ಮೇಡಮ್" ಅಂದರು. ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಒಂಬತ್ತು ವರ್ಷ 'ಕಣೇ' ಎಂದಿದ್ದ ಬಾಯಿಂದ ಅವತ್ತಿನಿಂದ 'ನೀವು', 'ಮೇಡಮ್' ಬಿಟ್ಟು ಬೇರೆ ಮಾತು ಬರಲಿಲ್ಲ. ಮಧ್ಯಾಹ್ನ ನಾನು ಕೂತ ಕಡೆ ಅವರ ಊಟದ ಡಬ್ಬಿ ಬರುವುದೂ ನಿಂತಿತು.

ಹೊಸದಾಗಿ ಅಧಿಕಾರ ಸಿಕ್ಕವರು ಮೊದಲು ನ್ಯಾಯ ಮಾಡಲು ಹೊರಡುತ್ತಾರೆ. ನಾನೂ ಹೊರಟೆ. ಒಂದನೇ ಮಿಷನ್‌ಗೆ ಕಿಟಕಿಯ ಗಾಳಿ, ಬೆಳಕು ಎರಡೂ ಇತ್ತು. ಅಲ್ಲಿ ಹೊಡೆಯುತ್ತಿದ್ದದ್ದು ಸಣ್ಣ ವಾಷರ್. ಅದು ಯಾವಾಗಲೂ ಎಲ್ಲರಿಗಿಂತ ಹಳಬರಿಗೆ ಎಂಬುದು ಯಾರೂ ಬರೆದಿಡದ ನಿಯಮ. ಹಿಂದಿನ ಗೋಡೆಗೆ ಅಂಟಿಕೊಂಡಿದ್ದ ನಾಲ್ಕನೇದು ಎಲ್ಲಕ್ಕಿಂತ ದೊಡ್ಡದು, ಹಳೆಯದು. ಅಲ್ಲಿ ಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕು. ಅದರ ಮುಂದೆ ಕೂರಲು ಯಾರಿಗೂ ಇಷ್ಟವಿಲ್ಲ. ನಾನು ವಾರಕ್ಕೊಮ್ಮೆ ಎಲ್ಲರೂ ಮಿಷನ್ ಬದಲಿಸಬೇಕೆಂದು ನಿಯಮ ಮಾಡಿ, ಪ್ರತಿ ಸೋಮವಾರ ಬೆಳಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಪಟ್ಟಿ ಹಾಕತೊಡಗಿದೆ. ಅಕ್ಕನಿಗೆ ಓದಲು ನಿಧಾನ. ಮೊದಲ ಪಟ್ಟಿಯ ದಿನ ಒಂದನೇದರ ಮುಂದೆ ಬೇರೆಯವಳು ಕೂತಿರುವುದನ್ನು ನೋಡಿಯೇ ಅವರಿಗೆ ಗೊತ್ತಾದದ್ದು. ಸ್ಟೂಲಿನ ಮೇಲಿದ್ದ ತಮ್ಮ ಹಳೇ ದಿಂಬನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೂರನೇದಕ್ಕೆ ಹೋದರು.

ಹೀಗೆ ಎರಡು ವಾರ ಕಳೆದ ಮೇಲೆ ಒಂದು ಹೊಸ ಆರ್ಡರ್ ಬಂತು. ದಪ್ಪ ತಗಡಿನ ಬ್ರ್ಯಾಕೆಟ್ಟು. ಅದರ ಅಚ್ಚು ಕೂರುವುದು ನಾಲ್ಕನೇದರಲ್ಲಿ ಮಾತ್ರ. ಅವತ್ತು ಸೋಮವಾರ, ಶನಿವಾರದೊಳಗೆ ಲೋಡ್ ಹೋಗಬೇಕು. ಪಟ್ಟಿಯಲ್ಲಿ ನಾನು ಅಕ್ಕನನ್ನು ಹಾಕಿದೆ. ಕೈ ಪಳಗಿದವರು ಬೇಕು ಎಂಬುದು ಎಲ್ಲರಿಗೂ ಹೇಳಿದ ಕಾರಣ. ಅವರು ನನ್ನ ಮಾತು ಕೇಳುತ್ತಾರೋ ಇಲ್ಲವೋ ನೋಡಬೇಕು ಎಂಬುದು ಹೇಳದೆ ಉಳಿದ ಕಾರಣ.

ಅಕ್ಕ ಕೂತರು. ಹತ್ತಿಪ್ಪತ್ತು ಪೀಸ್ ಹೊಡೆದರು. ಆಮೇಲೆ ಮಿಷನ್ ಆಫ್ ಮಾಡಿ, ಎದ್ದು ನನ್ನ ಟೇಬಲ್ ಹತ್ತಿರ ಬಂದರು.

"ಇದಕ್ಕೆ ನಾನು ಕೂರಲ್ಲ ಮೇಡಮ್."

"ಯಾಕಕ್ಕ?"

"ಶಬ್ದ ಸರಿ ಇಲ್ಲ. ಮೇಲೆ ಹೋಗಿ ನಿಲ್ಲುವಾಗ ಒಂಥರಾ ಜಾರಿದಂಗೆ ಕೇಳುತ್ತೆ."

"ಎಣ್ಣೆ ಬಿಡ್ಸೋಣ ಬಿಡಿ."

"ಎಣ್ಣೇದಲ್ಲ." ಅವರ ದನಿ ಏರಿತು. "ಹದಿನೇಳು ವರ್ಷ ಆಯ್ತು ನಾನಿಲ್ಲಿ. ನೀವು ಬರೋಕೆ ಮುಂಚಿಂದ ಇದೀನಿ. ಆ ಮೂಲೆಗೆ ನನ್ನ ಹಾಕ್ಬೇಕಾ? ಹೊಸಬರು ಕೂರೋ ಜಾಗ ಅದು."

ಶೆಡ್ಡಿನಲ್ಲಿ ಎಲ್ಲರೂ ಕಿವಿ ನಿಮಿರಿಸಿದ್ದರು. ಒಂದೇ ಉಸಿರಿನಲ್ಲಿ ಅಕ್ಕ ಎರಡು ಮಾತು ಹೇಳಿದ್ದರು: ಮಿಷನ್ ಕೆಟ್ಟಿದೆ, ಮತ್ತು ನಾನು ಹಿರಿಯಳು. ನನಗೆ ಕೇಳಿಸಿದ್ದು ಎರಡನೆಯದು. ಮೊದಲನೆಯದು ಅದರ ನೆಪ ಎಂದುಕೊಂಡೆ.

"ಸರಿ, ಬಿಡಿ. ಕೂರೋರು ಬೇರೆ ಇದಾರೆ" ಅಂದೆ.

ಗದಗದ ಕಡೆಯ ಹೆಣ್ಣುಮಗಳೊಬ್ಬಳು ಏಳೆಂಟು ತಿಂಗಳ ಹಿಂದೆ ಸೇರಿದ್ದಳು. ಹಣೆಯಲ್ಲಿ ತೆಳುವಾಗಿ ವಿಭೂತಿ, ಮಾತು ಕಡಿಮೆ. ಪೀಸುಗಳ ಅಂಚು ಉಜ್ಜುವುದು, ಎಣಿಸಿ ಡಬ್ಬಕ್ಕೆ ತುಂಬುವುದು, ಆಗೀಗ ಸಣ್ಣ ಪ್ರೆಸ್ಸಿಗೆ ಕೂರುವುದು ಅವಳ ಕೆಲಸ. ಅವಳನ್ನು ಕರೆದು ನಾಲ್ಕನೇದಕ್ಕೆ ಕೂರುತ್ತೀಯಾ ಎಂದು ಕೇಳಿದೆ. ಅವಳು ಒಮ್ಮೆ ಅಕ್ಕನ ಕಡೆ, ಒಮ್ಮೆ ನನ್ನ ಕಡೆ ನೋಡಿ, "ಮಾಡ್ತೀನ್ರಿ ಮೇಡಮ್ಮರ" ಅಂದಳು. ಅಕ್ಕ ತಮ್ಮ ದಿಂಬು ಎತ್ತಿಕೊಳ್ಳುತ್ತಾ, ಅವಳಿಗೆ ಮಾತ್ರ ಕೇಳುವಂತೆ, "ಇಕ್ಕಳದಲ್ಲೇ ಹಾಕು, ಇಕ್ಕಳದಲ್ಲೇ ತೆಗಿ" ಎಂದು ಹೇಳಿ ಹೋದರಂತೆ. ಅದು ನನಗೆ ಆಮೇಲೆ ತಿಳಿದದ್ದು.

ಅವತ್ತು ಮಧ್ಯಾಹ್ನ, ಮನಸ್ಸು ತಡೆಯದೆ, ಅಚ್ಚು ಕೂರಿಸುವ ಸೆಟ್ಟರ್‌ನನ್ನು ಕರೆಸಿದೆ. ಸುತ್ತಲಿನ ಮೂರು ಶೆಡ್ಡುಗಳಿಗೆ ಅವನೊಬ್ಬನೇ. ಬಂದವನು ಮಿಷನ್ ಖಾಲಿ ಓಡಿಸಿ, ಇಪ್ಪತ್ತು ಸಲ ಪೆಡಲ್ ಒತ್ತಿದ. ಇಪ್ಪತ್ತು ಸಲವೂ ಒಂದೇ ಏಟು. "ಏನಿಲ್ಲ ಮೇಡಮ್, ಕಲ್ಲಿದ್ದಂಗಿದೆ" ಎಂದು ಕೈ ಒರೆಸಿಕೊಂಡ. ಆ ಕಡೆಯಿಂದ ಅಕ್ಕ, ಯಾರ ಮುಖವನ್ನೂ ನೋಡದೆ, "ಖಾಲಿ ಓಡಿಸಿದ್ರೆ ಎಲ್ಲಿ ಗೊತ್ತಾಗುತ್ತೆ" ಅಂದರು. ಸೆಟ್ಟರ್ ನನ್ನ ಕಡೆ ನೋಡಿ ನಕ್ಕ. ನಾನೂ ನಕ್ಕೆ.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ನೋಡಿದರೆ, ನನ್ನ ಟೇಬಲ್ಲಿನ ಮೇಲೆ ರಿಜಿಸ್ಟರ್ ಪಕ್ಕ ಒಂದು ಬ್ರ್ಯಾಕೆಟ್ಟು ಇತ್ತು. ಎತ್ತಿ ಬೆಳಕಿಗೆ ಹಿಡಿದೆ. ಅಚ್ಚಿನ ಗುರುತು ಒಂದರ ಪಕ್ಕ ಒಂದು, ಕೂದಲೆಳೆಯಷ್ಟು ಸರಿದು, ಎರಡು ಸಲ ಬಿದ್ದಿತ್ತು. ಮಾರನೆಯ ಸಂಜೆ ಅಂಥವೇ ಎರಡು. ಬುಧವಾರ ನಾಲ್ಕು, ಸಾಲಾಗಿ, ಹಬ್ಬಕ್ಕೆ ದೀಪ ಇಟ್ಟ ಹಾಗೆ. ಯಾರು ಇಡುತ್ತಿದ್ದಾರೆಂದು ಕೇಳುವ ಅಗತ್ಯ ಇರಲಿಲ್ಲ. ಹೋಗುವ ಮುಂಚೆ ಅಕ್ಕ ನಾಲ್ಕನೇ ಮಿಷನ್ನಿನ ಡಬ್ಬದೊಳಗೆ ಕೈಯಾಡಿಸುವುದನ್ನು ನಾನೇ ನೋಡಿದ್ದೆ.

ಒಂಬತ್ತು ವರ್ಷ ಪ್ರೆಸ್ ಓಡಿಸಿದವಳು ನಾನು. ಒಂದೇ ಪೀಸಿನ ಮೇಲೆ ಎರಡು ಏಟು ಬೀಳುವುದು ಎರಡೇ ಕಾರಣಕ್ಕೆ. ಕೂತವರು ಎರಡು ಸಲ ಪೆಡಲ್ ಒತ್ತಿರಬೇಕು, ಇಲ್ಲವೇ ಮಿಷನ್ ತಾನಾಗಿ ಎರಡನೇ ಸಲ ಇಳಿದಿರಬೇಕು. ನಾನು ಮೊದಲನೆಯದನ್ನು ಆರಿಸಿಕೊಂಡೆ. 'ಕೈ ಪಳಗದವಳನ್ನು ಕೂರಿಸಿದೆಯಲ್ಲ, ನೋಡು ನಿನ್ನ ಆಯ್ಕೆ' ಎಂದು ಅಕ್ಕ ಚುಚ್ಚುತ್ತಿದ್ದಾರೆ ಎಂದೇ ಅನಿಸಿತು. ಆ ಪೀಸುಗಳನ್ನು ಒಂದೊಂದಾಗಿ ಸ್ಕ್ರ್ಯಾಪ್ ಡ್ರಮ್ಮಿಗೆ ಎಸೆದೆ. ಅವು ತಳಕ್ಕೆ ಬಿದ್ದ ಸದ್ದು ಖಾಲಿ ಶೆಡ್ಡಿನಲ್ಲಿ ಬಹಳ ಜೋರಾಗಿ ಕೇಳಿತು.

ಗುರುವಾರ ಬೆಳಗ್ಗೆ ಗದಗದವಳ ಹತ್ತಿರ ಹೋಗಿ ಗದರಿದೆ. "ಪೀಸ್ ಹಾಳಾಗ್ತಿದೆ. ಪೆಡಲ್ ಎರಡೆರಡು ಸಲ ಒತ್ತಬೇಡ."

ಅವಳು ಕಣ್ಣು ದೊಡ್ಡದು ಮಾಡಿದಳು. "ಇಲ್ರಿ ಮೇಡಮ್ಮರ, ನಾ ಒಂದ ಸಲ ಒತ್ತೇನ್ರಿ."

"ಹಾಗಾದ್ರೆ ಎರಡು ಗುರುತು ಹೆಂಗೆ ಬೀಳುತ್ತೆ?"

ಅವಳು ತಲೆ ತಗ್ಗಿಸಿ, "ಆತ್ರಿ, ನೋಡಿ ಒತ್ತತೀನ್ರಿ" ಅಂದಳು. ಅವಳ ಕೈಯಲ್ಲಿ ಇಕ್ಕಳ ಇತ್ತು. ಇಕ್ಕಳದಲ್ಲಿ ಹಿಡಿದರೆ ಪೀಸ್ ನಿಧಾನ. ಲೆಕ್ಕದ ಪ್ರಕಾರ ಶನಿವಾರಕ್ಕೆ ಮುಗಿಯುವ ಹಾಗೆ ಕಾಣಲಿಲ್ಲ. "ಸ್ವಲ್ಪ ಕೈ ಬೇಗ ಆಡಿಸು" ಎಂದು ಹೇಳಿ ಬಂದೆ. ಇಕ್ಕಳ ಬಿಡು ಎಂದು ನಾನು ಹೇಳಲಿಲ್ಲ. ಇದನ್ನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಬೇಗ ಅಂದರೆ ಅಲ್ಲಿ ಏನು ಅರ್ಥ ಎಂಬುದು ನನಗೆ ಗೊತ್ತಿತ್ತು.

ಅದೇ ದಿನ ಮಾಲೀಕರ ರೂಮಿಗೂ ಹೋದೆ. "ಸಾರ್, ನಾಲ್ಕನೇದರ ಶಬ್ದದ ಬಗ್ಗೆ ಅಕ್ಕ ಏನೋ ಹೇಳ್ತಿದಾರೆ" ಅಂದೆ. ಅವರು ಫೋನಿನಿಂದ ತಲೆ ಎತ್ತದೆ, "ನಿಮ್ಮಿಬ್ಬರ ಜಗಳ ನನ್ ಹತ್ರ ತರಬೇಡಿ. ಶನಿವಾರ ಲೋಡ್ ಹೋಗ್ಲಿ, ಆಮೇಲೆ ಬಿಚ್ಚಿಸಿ ನೋಡೋಣ" ಅಂದರು. ನಾನು ಹೇಳಿದ ರೀತಿಯೇ ಹಾಗಿತ್ತು. ಜಗಳದ ಹಾಗೆಯೇ ಹೇಳಿದ್ದೆ.

ಅವತ್ತು ಸಂಜೆ ಟೇಬಲ್ಲಿನ ಮೇಲೆ ಪೀಸ್ ಇರಲಿಲ್ಲ. ನನಗೆ ಸಮಾಧಾನವಾಯಿತು. ಗದರಿದ್ದು ನಾಟಿದೆ ಎಂದುಕೊಂಡೆ. ಅಕ್ಕ ಬೇಸತ್ತು ಇಡುವುದನ್ನು ಬಿಟ್ಟಿದ್ದರು, ಅಷ್ಟೆ.

ಶುಕ್ರವಾರ ಹನ್ನೊಂದರ ಟೀ ಮುಗಿದಿತ್ತು. ನಾನು ರಿಪೋರ್ಟ್ ತುಂಬುತ್ತಿದ್ದೆ. ಆರು ಮಿಷನ್ನುಗಳು ಒಟ್ಟಿಗೆ ಓಡುವಾಗ ಸದ್ದಿಗೊಂದು ಲಯ ಇರುತ್ತದೆ. ಸಂತೆಯ ಗದ್ದಲದಂತೆ ಅದು ಕಿವಿಗೆ ಬೀಳುವುದೇ ಇಲ್ಲ. ಅದರೊಳಗಿಂದ ಒಂದು ಏಟು, ಅದರ ಬೆನ್ನಿಗೇ ಇನ್ನೊಂದು ಕೇಳಿತು. ಎರಡನೆಯದು ಬೇರೆ ಥರ ಇತ್ತು, ಮೆತ್ತಗೆ. ನಾನು ಪೆನ್ನು ಹಿಡಿದೇ ತಲೆಯೆತ್ತಿದೆ. ಕಿರುಚಾಟ ಇರಲಿಲ್ಲ. ಮಿಷನ್ನುಗಳು ಒಂದೊಂದಾಗಿ ನಿಂತವು. ಕೊನೆಗೆ ತಲೆಯ ಮೇಲಿನ ಫ್ಯಾನ್ ತಿರುಗುವುದು ಕೇಳಿಸುವಷ್ಟು ನಿಶ್ಶಬ್ದವಾಯಿತು.

ಮೊದಲು ಓಡಿದ್ದು ಅಕ್ಕ. ನಾನು ತಲುಪುವ ಹೊತ್ತಿಗೆ ತಮ್ಮ ಸೆರಗಿನಿಂದ ಅವಳ ಬಲಗೈಯನ್ನು ಬಿಗಿಯಾಗಿ ಸುತ್ತಿ, ಎತ್ತಿ ಹಿಡಿದು ನಿಂತಿದ್ದರು. ಇಕ್ಕಳ ಮಿಷನ್ನಿನ ಪಕ್ಕದ ಹಲಗೆಯ ಮೇಲೆ, ಸರಿಯಾಗಿ ಜೋಡಿಸಿಟ್ಟ ಹಾಗೆ ಇತ್ತು. "ಆಟೋ ಕರೀರೇ!" ಎಂದು ಅಕ್ಕ ಕೂಗಿದರು. ನಾನು ರಸ್ತೆಗೆ ಓಡಿದೆ.

ರಾಜಾಜಿನಗರದ ಆಸ್ಪತ್ರೆಯವರೆಗೆ ಆಟೋದಲ್ಲಿ ಅವಳು ನಮ್ಮಿಬ್ಬರ ನಡುವೆ ಕೂತಿದ್ದಳು. ಪ್ರತಿ ಸಿಗ್ನಲ್ಲಿನಲ್ಲೂ ನಿಲ್ಲಬೇಕಾಯಿತು. ಅವಳು ಅಳಲಿಲ್ಲ. ನನ್ನ ಕಡೆ ತಿರುಗಿ, ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿದ್ದಳು.

"ಮೇಡಮ್ಮರ, ನಾ ಒಂದ ಸಲ ಒತ್ತಿದ್ದೆರಿ. ಖರೇನ ಒಂದ ಸಲ."

"ಗೊತ್ತು ಕಣಮ್ಮ. ಗೊತ್ತು."

ನನಗೆ ಸೋಮವಾರವೇ ಗೊತ್ತಿರಬೇಕಾಗಿತ್ತು.

ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಕಾರಿಡಾರಿನ ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು. ಅಕ್ಕನ ಸೆರಗು ಅವಳ ರಕ್ತದಿಂದ ಒದ್ದೆಯಾಗಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರಿನ ಗೋಡೆ ನೋಡುತ್ತಾ ಕೂತಿದ್ದರು. ಹಾಗೇ ಕೇಳಿದರು.

"ಪೀಸ್ ನೋಡಿದ್ಯಲ್ಲ?"

ಮೂರು ವಾರದ ಮೇಲೆ ಅವರ ಬಾಯಿಂದ ಮತ್ತೆ ಏಕವಚನ ಬಂದಿತ್ತು. ಅದರಿಂದ ಖುಷಿಯಾಗಲಿಲ್ಲ, ಹೆದರಿಕೆಯಾಯಿತು.

"ನೋಡ್ದೆ ಅಕ್ಕ."

"ಗೊತ್ತಾಗ್ಲಿಲ್ವಾ ನಿಂಗೆ?"

"ಅವಳೇ ಎರಡು ಸಲ ಒತ್ತಿದಾಳೆ ಅಂದ್ಕೊಂಡೆ."

"ನನ್ನ ಬಂದು ಒಂದು ಮಾತು ಕೇಳ್ಬೋದಿತ್ತು."

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಈಗಲೂ ಹೇಳಲಾರೆ. "ನೀವು ಬಂದು ಹೇಳ್ಬೋದಿತ್ತಲ್ಲ ಅಕ್ಕ? ಟೇಬಲ್ ಮೇಲೆ ಇಟ್ಟು ಹೋಗೋ ಬದಲು? ಅವಳಿಗಾದ್ರೂ ಬಿಡಿಸಿ ಹೇಳ್ಬೋದಿತ್ತಲ್ಲ, ಏಳೇ ಅಲ್ಲಿಂದ ಅಂತ?"

ನರ್ಸ್ ಒಬ್ಬಳು ಟ್ರಾಲಿ ತಳ್ಳಿಕೊಂಡು ಹೋದಳು.

"ಹೌದು" ಅಂದರು ಅಕ್ಕ. "ಹೇಳ್ಬೋದಿತ್ತು. ನೀನಾಗೇ ಬಂದು ಕೇಳ್ಲಿ ಅಂತ ಕೂತಿದ್ದೆ."

ಬೆರಳು ಕೂಡಿಸಲು ಆಗಲಿಲ್ಲ. ತೋರುಬೆರಳು, ನಡುಬೆರಳು, ಎರಡೂ ಮೊದಲ ಗೆಣ್ಣಿನವರೆಗೆ ಹೋದವು.

ಸೋಮವಾರ ಸೆಟ್ಟರ್ ನಾಲ್ಕನೇದನ್ನು ಬಿಚ್ಚಿದ. ಮೇಲೆ ಹೋದ ಭಾರವನ್ನು ಹಿಡಿದು ನಿಲ್ಲಿಸಬೇಕಾದ ಕ್ಲಚ್ಚಿನ ಸ್ಪ್ರಿಂಗ್ ತುಂಡಾಗಿತ್ತು. ತುಂಡಾದ ಕಡೆ ತುಕ್ಕು ಹಿಡಿದಿತ್ತು. ಅಂದರೆ ಬಹಳ ದಿನದಿಂದ ಹಾಗೆಯೇ ಇತ್ತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ನನಗೆ ತೋರಿಸಿದ. ಈ ಸಲ ಇಬ್ಬರೂ ನಗಲಿಲ್ಲ.

ಮಾಲೀಕರು ನನ್ನನ್ನು ಒಳಗೆ ಕರೆದು ರಿಪೋರ್ಟ್ ಬರೆಯಲು ಹೇಳಿದರು. "ಆಪರೇಟರ್ ಇಕ್ಕಳ ಉಪಯೋಗಿಸದೆ ಅಜಾಗರೂಕತೆಯಿಂದ..." ಎಂದು ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಅರ್ಧ ಪುಟ ಬರೆದಿದ್ದೆ. ಅವರಿಗೆ ಫೋನ್ ಬಂತು, ಹೊರಗೆ ಹೋದರು. ನಾನು ಆ ಹಾಳೆಯನ್ನು ಹರಿದು, ಇನ್ನೊಂದು ಹಾಳೆಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ನಡೆದದ್ದನ್ನು ನಡೆದ ಹಾಗೆ ಬರೆದೆ. ಅಕ್ಕ ಶಬ್ದದ ಬಗ್ಗೆ ಹೇಳಿದ್ದು, ಎರಡು ಗುರುತಿನ ಪೀಸುಗಳು, ಅವನ್ನು ನಾನು ಎಸೆದದ್ದು, ಅವಳನ್ನು ಗದರಿದ್ದು, ಬೇಗ ಆಡಿಸು ಅಂದದ್ದು. ಕೆಳಗೆ ಸಹಿ ಹಾಕಿದೆ. ಅಕ್ಕನನ್ನು ಕರೆದು ಓದಿ ಹೇಳಿದೆ. ಅವರು ಪೂರ್ತಿ ಕೇಳಿ, "ನಾನು ಬಾಯಿಬಿಟ್ಟು ಹೇಳ್ಲಿಲ್ಲ ಅಂತಾನೂ ಬರಿ" ಅಂದರು. ಬರೆದೆ. ಅವರು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ, ಸಹಿ ಹಾಕಿದರು.

ಮಾಲೀಕರು ಅದನ್ನು ಓದಿ ಫೈಲಿಗೆ ಹಾಕಿದರು. ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬಂದರು, ನಮ್ಮನ್ನು ಕೇಳಿದರು, ಬರೆದುಕೊಂಡರು. ನಾಲ್ಕನೇ ಮಿಷನ್ ನಿಂತಿತು. ಉಳಿದ ಐದಕ್ಕೂ ಕೈ ಒಳಗೆ ಹೋಗದಂತೆ ಜಾಲರಿ ಬಂತು. ಅವಳಿಗೆ ವಿಮೆಯಿಂದ ಬರಬೇಕಾದದ್ದು ಬರುವ ಹಾಗಾಯಿತು. ಅಜಾಗರೂಕತೆ ಎಂಬ ಪದ ಅವಳ ಮೇಲೆ ಬೀಳಲಿಲ್ಲ. ಸ್ವಲ್ಪ ದಿನಕ್ಕೆ ನಾಲ್ಕನೇದಕ್ಕೆ ಹಸಿರು ಬಣ್ಣ ಹೊಡೆಸಿ ಯಾರಿಗೋ ಮಾರಿದರು. ಕ್ರೇನಿನಲ್ಲಿ ಎತ್ತಿ ಟೆಂಪೋಗೆ ಹಾಕುವಾಗ ಅಕ್ಕ ಡ್ರೈವರ್ ಹತ್ತಿರ ಹೋಗಿ, "ಎಲ್ಲಿಗೆ ಅಣ್ಣ?" ಎಂದು ಕೇಳಿದರು. ಅವನು ಕೈ ಬೀಸಿ ಊರಾಚೆಯ ಯಾವುದೋ ದಿಕ್ಕು ತೋರಿಸಿದ.

ನನ್ನನ್ನು ಆ ಹುದ್ದೆಯಿಂದ ತೆಗೆದಾಗಲೂ ಮಾಲೀಕರು ಎಲ್ಲರನ್ನೂ ಕರೆದು ನಿಲ್ಲಿಸಿದರು. ಇನ್ನು ಮುಂದೆ ಅಕ್ಕ ಹೇಳುತ್ತಾರೆ ಅಂದರು. ಅಕ್ಕ ಬೇಡ ಅನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ. ವಾಟ್ಸಾಪ್ ಪಟ್ಟಿ ನಿಂತಿತು. ಬೆಳಗ್ಗೆ ಬಾಗಿಲಲ್ಲಿ ನಿಂತು ಬಾಯಲ್ಲೇ ಹೇಳುತ್ತಿದ್ದರು. ಕೂರುವ ಮುಂಚೆ ಪ್ರತಿಯೊಬ್ಬರಿಗೂ, "ಶಬ್ದ ಹೆಂಗಿದೆ ನೋಡಿ ಹೇಳು" ಅನ್ನುತ್ತಿದ್ದರು. ಯಾರು ಏನು ಹೇಳಿದರೂ ಮಿಷನ್ ನಿಲ್ಲಿಸಿ ನೋಡುತ್ತಿದ್ದರು. ಮೊದಲ ದಿನ ನನ್ನ ಸರದಿ ಬಂದಾಗ, "ನೀನು ಒಂದನೇದು" ಅಂದರು. ಕಿಟಕಿಯ ಗಾಳಿ, ಬೆಳಕು, ಸಣ್ಣ ವಾಷರ್. ಅದು ಕರುಣೆಯೋ ಶಿಕ್ಷೆಯೋ ಕೇಳುವ ಧೈರ್ಯ ನನಗಿರಲಿಲ್ಲ. ಎಂಟು ತಿಂಗಳು ಅಲ್ಲೇ ಕೂತೆ. ಪ್ರತಿ ಸಲ ಪೆಡಲ್ ಒತ್ತಿದಾಗಲೂ ಎರಡನೇ ಏಟಿಗೆ ಕಾಯುತ್ತಿದ್ದೆ. ಜಾಲರಿ ಇದ್ದರೂ ಕಾಯುತ್ತಿದ್ದೆ. ಕೊನೆಗೆ ಬಿಟ್ಟು ಚಂದ್ರಾ ಲೇಔಟಿನ ಒಂದು ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಸೇರಿದೆ.

ಬಿಡುವ ಮುಂಚಿನ ಭಾನುವಾರ ಗದಗದವಳ ಮನೆಗೆ ಹೋಗಿದ್ದೆ. ಅಲ್ಲೇ ಲಗ್ಗೆರೆಯಲ್ಲಿ, ಮೂರನೇ ಮಹಡಿಯ ಒಂದು ರೂಮು. ಅವಳ ಗಂಡ ಕುರ್ಚಿ ಹಾಕಿ ಹೊರಗೆ ಹೋದ. ಅವಳು ಎಡಗೈಯಲ್ಲಿ ಚಹಾ ಸೋಸಿದಳು. ರೂಢಿಯಾಗಿತ್ತು, ಒಂದು ಹನಿಯೂ ಚೆಲ್ಲಲಿಲ್ಲ. ಬಹಳ ದಿನದಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೇಗೋ ಹೊರಗೆ ಹಾಕಿದೆ. ನಾವಿಬ್ಬರೂ ಜಗಳ ಆಡಿ ನಿನ್ನನ್ನು ಅಲ್ಲಿ ಕೂರಿಸಿದೆವು, ನೀನು ಬೇಡ ಅನ್ನುವ ಹಾಗಿರಲಿಲ್ಲ, ಅದು ನನಗೆ ಗೊತ್ತಿತ್ತು, ಅಂದೆ.

ಅವಳು ಲೋಟ ನನ್ನ ಮುಂದಿಟ್ಟಳು.

"ಹಂಗೇನಿಲ್ರಿ ಮೇಡಮ್ಮರ. ಅಕ್ಕಾರು ಒಲ್ಲೆ ಅಂದಾಗ ನಂಗ ಒಳಗೊಳಗ ಖುಷಿ ಆಗಿತ್ರಿ. ಎಲ್ಲಾರನ್ನೂ ಬಿಟ್ಟು ನನ್ನ ಕರದ್ರಲ್ಲ, ನಾನೂ ಒಬ್ಬಾಕಿ ಆದೆ ಅಂತ. ಅವತ್ತು ಸಂಜಿಗೆ ಇವರಿಗೆ ಹೇಳಿದ್ದೆರಿ, ದೊಡ್ಡ ಮಿಷಿನ್ ಕೊಟ್ಟಾರ ನಂಗ ಅಂತ."

ನಾನು ಲೋಟದೊಳಗೆ ನೋಡುತ್ತಾ ಕೂತೆ.

"ಚಾ ಆರತೈತಿ, ಕುಡೀರಿ" ಅಂದಳು.